ಬಾನುಲಿಯ ಮೈಕು ಯಾರ ಸ್ವತ್ತು?

ಹೊರನಾಡಿನ ಕನ್ನಡ ಸಂಘಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಕೊರಗೊಂದಿದೆ: ಇಲ್ಲಿಯ ರೇಡಿಯೋದಲ್ಲಿ ಕನ್ನಡವಿಲ್ಲ. ಕೊರಗು ನಿಜ, ಆದರೆ ಅದನ್ನು ಯಾರ ಮುಂದೆ ಹೇಳಬೇಕೆಂಬ ವಿಚಾರ ನಡೆದಂತಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ – ಈ ಐದೂ ನಗರಗಳ ವಿಶ್ವವಿದ್ಯಾಲಯಗಳಲ್ಲಿ ಬಾನುಲಿ ಕೇಂದ್ರಗಳು ತಲೆಯೆತ್ತಿವೆ. ಅವುಗಳ ಪರವಾನಗಿ ಸಮುದಾಯ ಬಾನುಲಿಯದು. ಆ ಸಮುದಾಯದಲ್ಲಿ ನಾವೂ ಇದ್ದೇವೆ ಎಂಬುದೇ ಈ ಲೇಖನದ ವಾದ.

ಕನ್ನಡಿಗರಿಗೆ ಇದು ಹೊಸ ವಿದ್ಯೆಯಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ದೇಶದ ಸರ್ಕಾರಿ ಬಾನುಲಿ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಹೆಸರು ಉಳಿಯಿತು, ಮೇಷ್ಟರೊಬ್ಬರು ತಮ್ಮ ಊರಿಗಾಗಿ ಮಾತಾಡಬಹುದೆಂಬ ಸ್ವಾತಂತ್ರ್ಯ ಉಳಿಯಲಿಲ್ಲ.

ಆ ಸ್ವಾತಂತ್ರ್ಯಕ್ಕೆ ಮತ್ತೆ ಜೀವ ಬಂದದ್ದು 1995ರಲ್ಲಿ. ಕ್ರಿಕೆಟ್ ಪಂದ್ಯಗಳ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದವರು ಸಮುದಾಯ ಬಾನುಲಿಯ ಬೇಡಿಕೆಯನ್ನು ಘೋಷಣೆಯ ರೂಪದಲ್ಲಿ ಮುಂದಿಟ್ಟರು. ಆದರೆ 2002ರ ಕೊನೆಯಲ್ಲಿ ಬಾಗಿಲು ತೆರೆದಾಗ ಒಳಗೆ ಬಿಟ್ಟದ್ದು ನೆಲೆಗೊಂಡ ಶಿಕ್ಷಣ ಸಂಸ್ಥೆಗಳನ್ನು ಮಾತ್ರ. ಅದರ ಫಲವಾಗಿ 2004ರ ಫೆಬ್ರವರಿಯಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದಿಂದ ಅಣ್ಣಾ ಎಫ್‌ಎಂ ಪ್ರಸಾರವಾಗತೊಡಗಿತು. ಸುತ್ತಲಿನ ಬಡಾವಣೆಗಳ ಹೆಂಗಸರನ್ನು ಅದು ತನ್ನ ಕಾರ್ಯಕ್ರಮಗಳೊಳಗೆ ಕರೆದುಕೊಂಡದ್ದು ಮೆಚ್ಚತಕ್ಕದ್ದೇ.

ಅದೇ ವೇಳೆಗೆ, ಬೀದರದ ಗಡಿಗೆ ಸಮೀಪದ ಜಹೀರಾಬಾದ್ ಸೀಮೆಯ ಪಸ್ತಾಪುರದಲ್ಲಿ ದಲಿತ ಮಹಿಳೆಯರ ಸಂಘಗಳು ಧ್ವನಿಮುದ್ರಣದ ಸಲಕರಣೆಗಳನ್ನು ಇಟ್ಟುಕೊಂಡು ಅಪ್ಪಣೆಗಾಗಿ ಕಾಯುತ್ತಿದ್ದವು. ಬೀಜ, ಬೆಳೆ, ಹಾಡು, ಮನೆಮದ್ದುಗಳ ಮಾತನ್ನೆಲ್ಲ ಕ್ಯಾಸೆಟ್ಟಿಗೆ ಇಳಿಸಿ ಸಂಘದ ಸಭೆಗಳಲ್ಲಿ ಕೇಳಿಸುವುದಷ್ಟೇ ಅವರಿಗೆ ಸಾಧ್ಯವಿತ್ತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಗಾಳಿಯಲ್ಲಿ ಹರಡಲು ಅನುಮತಿಯಿಲ್ಲದೆ ಟಿವಿಯ ಕೇಬಲ್ಲಿನ ಮೂಲಕ ಮನೆಮನೆಯನ್ನು ಮುಟ್ಟಿತು. 2006ರ ನವೆಂಬರಿನ ನೀತಿ ಬಂದ ಮೇಲಷ್ಟೇ ಸ್ವಯಂಸೇವಾ ಸಂಸ್ಥೆಗಳಿಗೆ ಅರ್ಹತೆ ದೊರೆಯಿತು; ಪಸ್ತಾಪುರದ ಮಹಿಳೆಯರ ಸಂಘಂ ರೇಡಿಯೋ 2008ರ ಅಕ್ಟೋಬರಿನಲ್ಲಿ ಪ್ರಸಾರಕ್ಕಿಳಿಯಿತು. ಪದವಿಯುಳ್ಳವರಿಗೆ ಮೊದಲ ಪಂಕ್ತಿ, ಹಸಿದವರಿಗೆ ಕಡೆಯ ಪಂಕ್ತಿ! ಸಾರ್ವಜನಿಕ ಸ್ವತ್ತನ್ನು ಹಂಚುವ ಕ್ರಮ ಇದೇ ಏನು?

ಈ ಕ್ರಮದಿಂದಾಗಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಕ್ಯಾಂಪಸ್ಸಿನ ಬಾನುಲಿಯೆಂದರೆ ಕ್ಯಾಂಪಸ್ಸಿನ ಆಸ್ತಿ, ಘಟಿಕೋತ್ಸವದ ವರದಿಗೂ ಅತಿಥಿಗಳ ಭಾಷಣಕ್ಕೂ ಇರುವ ಸೂಚನಾಫಲಕ ಎಂಬ ಭಾವನೆ ಅದು. 2006ರ ನೀತಿ ಹೇಳುವುದು ಬೇರೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಸಮುದಾಯದ ಪಾಲುಗಾರಿಕೆಯಿಂದ ಸಿದ್ಧವಾಗಬೇಕು. ಆದಷ್ಟೂ ಸ್ಥಳೀಯ ನುಡಿಯಲ್ಲಿರಬೇಕು. ಅದೇ ನೀತಿ ಸುದ್ದಿಗೂ ರಾಜಕೀಯಕ್ಕೂ ನಿಷೇಧ ಹಾಕಿ ಆ ಸಮುದಾಯದ ಬಾಯಿಗೆ ಅರ್ಧ ಬೀಗ ಜಡಿದದ್ದು ಬೇರೆಯ ದೂರು. ಬೀಗ ಬೀಳದೆ ಉಳಿದ ಅರ್ಧವನ್ನಾದರೂ ಬಳಸಬೇಡವೆ?

ಚೆನ್ನೈಯ ಸ್ಥಳೀಯ ನುಡಿ ತಮಿಳು, ಪುಣೆಯದು ಮರಾಠಿ, ಅಲ್ಲಿ ಕನ್ನಡಕ್ಕೇನು ಹಕ್ಕು ಎಂದು ಕೇಳುವವರಿದ್ದಾರೆ. ಆ ನುಡಿಗಳ ಅಗ್ರಸ್ಥಾನವನ್ನು ನಾವು ಪ್ರಶ್ನಿಸುತ್ತಿಲ್ಲ. ನೂರು ವಾಟಿನ ಕೇಂದ್ರ ಸುಮಾರು ಹತ್ತು ಕಿಲೋಮೀಟರಿನೊಳಗೆ ಕೇಳಿಸುತ್ತದೆ. ಆ ಹತ್ತು ಕಿಲೋಮೀಟರಿನಲ್ಲಿ ಕಟ್ಟಡ ಕಟ್ಟುವ ಕಲಬುರಗಿಯವರು, ಹೋಟೆಲಿನಲ್ಲಿ ದುಡಿಯುವ ಕರಾವಳಿಯವರು ಇದ್ದರೆ ಅವರೂ ಸ್ಥಳೀಯರೇ. ಕೂಲಿಗೆ ಸ್ಥಳೀಯರು, ಮೈಕಿಗೆ ಪರಸ್ಥಳದವರು ಎಂಬ ಲೆಕ್ಕ ಯಾವ ನ್ಯಾಯ?

ಕೈಯಲ್ಲಿ ಮೊಬೈಲು ಇರುವಾಗ ಬಾನುಲಿ ಯಾಕೆ ಎನ್ನುವವರೂ ಇದ್ದಾರೆ. ಮೊಬೈಲು ನಮಗೆ ಬೆಂಗಳೂರಿನ ಕನ್ನಡವನ್ನು ಧಾರಾಳವಾಗಿ ತಂದು ಕೊಡುತ್ತದೆ. ಮಗುವನ್ನು ಈ ಊರಿನ ಯಾವ ಶಾಲೆಗೆ ಸೇರಿಸಬೇಕು, ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸುವುದು ಹೇಗೆ, ಸರ್ಕಾರಿ ಆಸ್ಪತ್ರೆಗೆ ಯಾವ ಕಾಗದ ಒಯ್ಯಬೇಕು ಎಂಬುದನ್ನು ಕನ್ನಡದಲ್ಲಿ ಹೇಳಬೇಕಾದರೆ ಆ ಊರಿನಲ್ಲೇ ಇರುವ ಬಾಯಿ ಬೇಕು.

ಆದ್ದರಿಂದ ನಮ್ಮ ಸಂಘಗಳು ರಾಜ್ಯೋತ್ಸವದ ಸನ್ಮಾನಪತ್ರಕ್ಕೆ ವ್ಯಯಿಸುವ ಶ್ರಮದಲ್ಲಿ ಒಂದು ಪಾಲನ್ನು ಒಂದು ಅರ್ಜಿಗೆ ಮೀಸಲಿಡಲಿ. ವಾರಕ್ಕೆ ಅರ್ಧ ಗಂಟೆ ಕೇಳಲಿ. ಅದನ್ನು ತುಂಬುವ ಹೊಣೆಯನ್ನೂ ತಾವೇ ಹೊರಲಿ. ಅಲ್ಲಿ ಕವಿಗೋಷ್ಠಿಗಿಂತ ಮೊದಲು ಕೂಲಿಕಾರನ ಪ್ರಶ್ನೆ ಕೇಳಿಬರಲಿ. ವಿಶ್ವವಿದ್ಯಾಲಯಗಳು ಒಪ್ಪದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ. ತರಂಗ ಸಾರ್ವಜನಿಕರದೆಂದು ನ್ಯಾಯಾಲಯ ಹೇಳಿ ಮೂರು ದಶಕಗಳಾದವು. ಇನ್ನು ಮೈಕಿನ ಸರದಿ.