ನಲಿ-ಕಲಿಯ ಏಣಿ
ಶಾಲೆಗೆ ಹೊಸ ಪದ್ಧತಿ ತಂದಾಗ ಶಿಕ್ಷಕರೇ ಅಡ್ಡಗಾಲು ಹಾಕುತ್ತಾರೆ ಎನ್ನುವವರು ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿದ ಬಗೆಯನ್ನು ನೆನೆಯಬೇಕು. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ, ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡು ಬಂದರು. ಯುನಿಸೆಫ್ ನೆರವಿತ್ತು, ನಿಜ; ಆದರೆ ಕನ್ನಡಕ್ಕೆ ಒಗ್ಗುವ ಕಾರ್ಡು, ಹಾಡು, ಹಂತಹಂತವಾಗಿ ಏರುವ ಕಲಿಕಾ ಏಣಿಗಳನ್ನು ರೂಪಿಸಿದವರು ಆ ಶಿಕ್ಷಕರೇ. ಈ ಪದ್ಧತಿಯಲ್ಲಿ ಮಾಡುವಂತೆ ಅ, ಆ, ಇ, ಈ ಎಂದು ಶುರುಮಾಡದೆ ರ, ಗ, ಸ, ದ, ಅ ಎಂದು ಕಲಿಸಿದರೆ ಯಾವ ತಾಯಿಗೆ ಕಳವಳವಾಗದು? ಅವಳಿಗೆ ಸುತ್ತೋಲೆ ತೋರಿಸಿ ಫಲವಿಲ್ಲ. ಆ ಐದೇ ಅಕ್ಷರಗಳಿಂದ ಮಗು ‘ಸರ’, ‘ಅರಸ’, ‘ಅಗಸ’ ಎಂದು ಓದಿ ತೋರಿಸಿದರೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಂತೆ. 2009-10ರಲ್ಲಿ ಇದೇ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಆದೇಶವಾಗಿ ಹೋಯಿತು. ಕಾರ್ಡು, ಏಣಿ ಎರಡೂ ಜೊತೆಗೆ ಹೋದವು. ಆದರೆ ತಾನು ಕಟ್ಟಿದ್ದು ಎಂಬ ಅಭಿಮಾನವನ್ನು ಆದೇಶದ ಜೊತೆ ಕಳಿಸಲಾಗದು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಬ್ಬಂಟಿಯಾಗಿ ನಿಭಾಯಿಸುತ್ತ, ದಾಖಲೆಯನ್ನೂ ತುಂಬುವ ಶಿಕ್ಷಕಿ ‘ಇದು ಆಗಲ್ಲ ಸಾರ್’ ಎಂದರೆ ಅದನ್ನು ಸೋಮಾರಿತನ ಎನ್ನುವುದು ದೊಡ್ಡ ಅನ್ಯಾಯ. ತರಗತಿಯೊಳಗೆ ಏನು ಕೆಟ್ಟಿದೆ ಎಂದು ಮೊದಲು ತಿಳಿಯುವುದು ಇಂಥ ಶಿಕ್ಷಕರಿಗೇ. ಮುಂದಿನ ಆದೇಶ ಹೊರಡಿಸುವ ಮೊದಲು ಅಧಿಕಾರಿಗಳು ಅಂಥವರ ಕೋಣೆಯಲ್ಲಿ ಒಂದು ವಾರ ಕೂರಲಿ, ಕಾರ್ಡು ತಿದ್ದುವ ಹಕ್ಕನ್ನೂ ಅವರಿಗೇ ಕೊಡಲಿ.