ಗೀತಗುಚ್ಛ ಮತ್ತು ಪಾಠನಿರ್ಣಯ

ಕವಿತೆಯೊಂದನ್ನು ಸಂಗೀತಕ್ಕೆ ಅಳವಡಿಸಿದ ಸಂಯೋಜಕನು ಅದನ್ನು ಹೇಗೆ ಗ್ರಹಿಸಿದನೆಂದು ಚರ್ಚಿಸುವ ಮುನ್ನ, ಆತನ ಕೈಯಲ್ಲಿದ್ದ ಪಾಠ ಯಾವುದೆಂದು ಕೇಳಬೇಕು. ಗ್ರಂಥಸಂಪಾದನೆಯಲ್ಲಿ ಇದು ಮೊದಲ ನಿಯಮ. ಹಾಡುಗಳನ್ನು ಕುರಿತು ಬರೆಯುವಾಗ ಮಾತ್ರ ಇದು ಮರೆತುಹೋಗುತ್ತದೆ. ಅಮೆರಿಕದ ಏರನ್ ಕೋಪ್‌ಲ್ಯಾಂಡ್ 1949-50ರಲ್ಲಿ ಕಂಠ ಮತ್ತು ಪಿಯಾನೊಗಳಿಗಾಗಿ ರಚಿಸಿದ, ಎಮಿಲಿ ಡಿಕಿನ್ಸನ್ನಳ ಹನ್ನೆರಡು ಕವಿತೆಗಳ ಗೀತಗುಚ್ಛ ಇದಕ್ಕೆ ನಿದರ್ಶನ.

ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿ ಬಾಳಿದ ಡಿಕಿನ್ಸನ್ (1830-1886) ಸುಮಾರು 1,800 ಕವಿತೆಗಳನ್ನು ಬರೆದಳು. ಆಕೆ ಬದುಕಿದ್ದಾಗ ಅಚ್ಚಾದುವು ಬೆರಳೆಣಿಕೆಯಷ್ಟು. 1890ರ ಮೊದಲ ಸಂಕಲನದ ಸಂಪಾದಕರಾದ ಮೇಬಲ್ ಲೂಮಿಸ್ ಟಾಡ್ ಮತ್ತು ಹಿಗ್ಗಿನ್ಸನ್, ಆಕೆಯ ಅಡ್ಡಗೆರೆಗಳನ್ನು ರೂಢಿಯ ವಿರಾಮಚಿಹ್ನೆಗಳಾಗಿಸಿದರು, ಪದಗಳನ್ನು ತಿದ್ದಿದರು, ಇಲ್ಲದ ಶೀರ್ಷಿಕೆಗಳನ್ನು ಕೊಟ್ಟರು. ಹಸ್ತಪ್ರತಿಗಳನ್ನು ಆಧರಿಸಿದ ಥಾಮಸ್ ಜಾನ್ಸನ್ನರ ಆವೃತ್ತಿ ಬಂದುದು 1955ರಲ್ಲಿ. ಕೋಪ್‌ಲ್ಯಾಂಡ್‌ಗೆ ದೊರೆತದ್ದು ತಿದ್ದಿದ ಪಾಠವೇ.

ಗುಚ್ಛದ ಕೊನೆಯ ಹಾಡು 'ದ ಚಾರಿಯಟ್'. ಆ ಹೆಸರೂ ಸಂಪಾದಕರದೇ. ಮೃತ್ಯುವಿನೊಡನೆ ಗಾಡಿಯಲ್ಲಿ ಸಾಗುವ ಹೆಣ್ಣೊಬ್ಬಳ ನುಡಿ ಅದು. ಹಸ್ತಪ್ರತಿಯಲ್ಲಿ ಶಾಲೆಯ ಮಕ್ಕಳು ಹೆಣಗುತ್ತಾರೆ; ಮುದ್ರಿತ ಪಾಠದಲ್ಲಿ ಆಡುತ್ತಾರೆ. ಅದಕ್ಕಿಂತ ಗುರುತರವಾದ ಸಂಗತಿಯೆಂದರೆ, ಆರು ಪದ್ಯಗಳಲ್ಲಿ ನಾಲ್ಕನೆಯದನ್ನು ಸಂಪಾದಕರು ಕೈಬಿಟ್ಟರು. ಅಲ್ಲಿ ಇಬ್ಬನಿ ಇಳಿಯುತ್ತದೆ. ತೆಳುವಾದ ಉಡುಗೆಯ ಪಯಣಿಗಳನ್ನು ಚಳಿ ಆವರಿಸುತ್ತದೆ. ಸೌಜನ್ಯದ ವಿಹಾರವು ಭಯದ ಪಯಣವಾಗಿ ತಿರುಗುವುದು ಆ ಪದ್ಯದಲ್ಲಿಯೇ.

ಕೋಪ್‌ಲ್ಯಾಂಡ್‌ನ ಸಂಗೀತ ಇಲ್ಲಿ ಪ್ರಶಾಂತ. ಪಿಯಾನೊದ ದೀರ್ಘ-ಹ್ರಸ್ವ ಲಯ ಗಾಡಿಯ ಸಾವಧಾನದ ನಡೆಯನ್ನು ನೆನಪಿಸುತ್ತದೆ. ಸಾವನ್ನು ಸಂಯೋಜಕ ಸೌಮ್ಯವಾಗಿ ಕಂಡನೆಂದು ವಿಮರ್ಶಕರು ಇದರಿಂದ ನಿರ್ಣಯಿಸಬಹುದು. ಆದರೆ ಚಳಿಯ ಪದ್ಯವನ್ನು ಓದಿಯೂ ಆತ ಸೌಮ್ಯತೆಯನ್ನು ಆರಿಸಿಕೊಂಡದ್ದಲ್ಲ. ಆ ಪದ್ಯವೇ ಅವನ ಪುಟದಲ್ಲಿರಲಿಲ್ಲ. ಸಂಪಾದಕರ ಕತ್ತರಿಯ ಫಲವನ್ನು ಸಂಯೋಜಕನ ದರ್ಶನವೆಂದು ಕರೆಯುವುದು ಇಬ್ಬರಿಗೂ ಮಾಡುವ ಅನ್ಯಾಯ.

ಹಾಗಾದರೆ ಗಾಯಕರು ಶುದ್ಧಪಾಠವನ್ನು ಹಾಡಬೇಕೇ? ಬೇಡವೆಂಬುದು ನನ್ನ ಅಭಿಪ್ರಾಯ. ಒಂದೆರಡು ಪದಗಳನ್ನು ಬದಲಿಸಬಹುದೇನೋ. ಬಿಟ್ಟುಹೋದ ಪದ್ಯಕ್ಕೆ ಹೊಸ ಸಂಗೀತವೇ ಬೇಕು, ಅದು ಕೋಪ್‌ಲ್ಯಾಂಡ್‌ನದಾಗದು. ಮೇಲಾಗಿ ಈ ಹಾಡು, 1950ರ ವೇಳೆಗೆ ಓದುಗರು ಅರಿತಿದ್ದ ಡಿಕಿನ್ಸನ್‌ಗೆ ಸಾಕ್ಷಿ. ಸಾಕ್ಷಿಯನ್ನು ತಿದ್ದಬಾರದು, ಅದು ಯಾವುದರ ಸಾಕ್ಷಿಯೆಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಆದುದರಿಂದ ಕಛೇರಿಯ ಕೈಹೊತ್ತಗೆಯಲ್ಲಿ ಎರಡೂ ಪಾಠಗಳು ಅಚ್ಚಾಗಲಿ. ಕಾವ್ಯ-ಸಂಗೀತಗಳ ಸಂಬಂಧವನ್ನು ಅಭ್ಯಸಿಸುವ ನಮ್ಮ ಸಂಶೋಧಕರು ಮೊದಲ ಪುಟದಲ್ಲಿಯೇ ಆಕರಪಾಠವನ್ನು ಗುರುತಿಸಲಿ. ವ್ಯಾಖ್ಯಾನ ಅನಂತರದ ಮಾತು.