ದವಡೆಯ ಊತಕ್ಕೆ ಮಾತ್ರೆಯೊಂದೇ ಸಾಲದು

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ವಿಷಯ: ದವಡೆಯ ಸಿಸ್ಟ್ ಪತ್ತೆ, ಬಯಾಪ್ಸಿ ಹಾಗೂ ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆ ಕುರಿತು

ಮಾನ್ಯರೇ,

ಪಿಯುಸಿ ಓದುತ್ತಿದ್ದಾಗ ನನ್ನ ಮಗನ ಕೆಳದವಡೆ ಎಡಗಡೆ ಊದಿಕೊಂಡಿತು. ನೋವಿರಲಿಲ್ಲ. ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಹಲ್ಲಿನ ಸೋಂಕು ಎಂದು ಮಾತ್ರೆ ಕೊಟ್ಟರು. ಊತ ಇಳಿಯಲಿಲ್ಲ, ಮತ್ತೆ ಅದೇ ಮಾತ್ರೆ. ದವಡೆ ಪೂರ್ತಿ ಕಾಣುವ ಓಪಿಜಿ ಎಕ್ಸ್-ರೇ ಅಲ್ಲಿ ಇರಲಿಲ್ಲ. ಹೊರಗಾದರೂ ತೆಗೆಸಿ ಎಂದು ಯಾರೂ ಹೇಳಲಿಲ್ಲ. ಕೊನೆಗೆ ನಾವಾಗಿಯೇ ಪೇಟೆಗೆ ಹೋಗಿ ತೆಗೆಸಿದಾಗ, ಹೊರಬಾರದೆ ಉಳಿದ ಬುದ್ಧಿಹಲ್ಲಿನ ಸುತ್ತ ಮೂಳೆಯೇ ಟೊಳ್ಳಾಗಿತ್ತು.

ದವಡೆಯ ಸಿಸ್ಟ್ ಎಂಬ ಈ ಕಾಯಿಲೆಯ ಸ್ವಭಾವವೇ ಹಾಗೆ. ಸತ್ತ ಹಲ್ಲಿನ ಬೇರಿನ ತುದಿಯಲ್ಲೋ, ಒಳಗೇ ಹುದುಗಿದ ಹಲ್ಲಿನ ಸುತ್ತಲೋ ದ್ರವ ತುಂಬಿದ ಚೀಲವೊಂದು ಹುಟ್ಟಿ, ಸದ್ದಿಲ್ಲದೆ ಮೂಳೆಯನ್ನು ಕರಗಿಸುತ್ತಾ ಬೆಳೆಯುತ್ತದೆ. ಸಣ್ಣದಿದ್ದಾಗ ಆ ಜಾಗವನ್ನಷ್ಟೇ ಮರಗಟ್ಟಿಸಿ ಚೀಲವನ್ನು ಸುಲಿದು ತೆಗೆಯಬಹುದು. ದೊಡ್ಡದಾದರೆ ಕೆಳತುಟಿಗೆ ಸ್ಪರ್ಶ ಕೊಡುವ ನರಕ್ಕೂ ಅಪಾಯ, ದವಡೆ ಮುರಿಯುವ ಭಯವೂ ಇದೆ. ಆಗ ಚೀಲಕ್ಕೆ ಕಿಂಡಿ ಮಾಡಿ, ಅದರ ಅಂಚನ್ನು ಬಾಯಿಯ ಒಳಪೊರೆಗೆ ಹೊಲಿದು ಬಿಡುತ್ತಾರೆ. ಒತ್ತಡ ಇಳಿದು ಕೆಲವು ತಿಂಗಳುಗಳಲ್ಲಿ ಮೂಳೆ ಮತ್ತೆ ತುಂಬಿಕೊಂಡ ಮೇಲೆ, ಉಳಿದದ್ದನ್ನು ತೆಗೆಯುತ್ತಾರೆ. ಹೀಗೆ ಕಿಂಡಿ ಮಾಡಿ ಹೊಲಿಯುವುದು ಜರ್ಮನಿಯ ಕಾರ್ಲ್ ಪಾರ್ಚ್ 1892ರಲ್ಲೇ ವಿವರಿಸಿದ ಕ್ರಮ. ಇಷ್ಟು ಹಳೆಯ, ಇಷ್ಟು ಸರಳ ಚಿಕಿತ್ಸೆಯೂ ಹಳ್ಳಿಯ ಮಕ್ಕಳಿಗೆ ತಡವಾಗಿ ಸಿಗುವುದು ಅನ್ಯಾಯ.

ನಮ್ಮ ಸಂಕಟ ಅಲ್ಲಿಗೂ ಮುಗಿಯಲಿಲ್ಲ. ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ತೆಗೆದ ಚೀಲವನ್ನು ಬಯಾಪ್ಸಿಗೆ ಕಳಿಸಲೇ ಇಲ್ಲ; ಕೇಳಿದರೆ ‘ಮಾಮೂಲಿ ಸಿಸ್ಟ್, ಹೆದರಬೇಡಿ’ ಎಂದರು. ಮತ್ತೆ ಬನ್ನಿ ಎಂಬ ಒಂದು ಚೀಟಿಯನ್ನೂ ಕೊಡಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಗಂಟು ಮರಳಿತು. ಬೆಂಗಳೂರಿನಲ್ಲಿ ಪರೀಕ್ಷಿಸಿದಾಗ ಅದು ಕೆರಟೋಸಿಸ್ಟ್ ಎಂದು ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಗೆಡ್ಡೆಗಳ ಪಟ್ಟಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್ ಎಂದೇ ಕರೆದ ಕಾಯಿಲೆ ಇದು. ಹೆಸರು ಏನಾದರೂ ಆಗಲಿ, ಮರುಕಳಿಸುವ ಗುಣ ಅದಕ್ಕೆ ಹೆಚ್ಚು. ವರ್ಷಗಟ್ಟಲೆ ಎಕ್ಸ್-ರೇ ತೆಗೆದು ಕಾಯಲೇಬೇಕು. ಅಮೆಲೋಬ್ಲಾಸ್ಟೋಮಾ ಎಂಬ ಗೆಡ್ಡೆಯೂ ಎಕ್ಸ್-ರೇಯಲ್ಲಿ ಸಿಸ್ಟಿನಂತೆಯೇ ಕಾಣಬಹುದು. ಅದು ತಿಳಿಯದೆ ಹೋದರೆ ಮುಂದೆ ದವಡೆಯ ಭಾಗವನ್ನೇ ಕತ್ತರಿಸಬೇಕಾದೀತು. ಬಯಾಪ್ಸಿ ಬಿಟ್ಟು ‘ಮಾಮೂಲಿ’ ಎನ್ನುವ ಅಧಿಕಾರ ಯಾವ ವೈದ್ಯರಿಗೂ ಇಲ್ಲ.

ಮಾನ್ಯರೇ, ದಂತಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಹಲ್ಲಿನ ಸೆಟ್ ಕೊಡಿಸಿದ್ದು ಈ ರಾಜ್ಯವೇ. ದಂತ ಕಾಲೇಜುಗಳಿಗೂ ಇಲ್ಲಿ ಬರವಿಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಓಪಿಜಿ ಯಂತ್ರ ಕೆಲಸ ಮಾಡುತ್ತಿರಲಿ. ಮಾತ್ರೆಗೆ ಇಳಿಯದ ದವಡೆಯ ಊತವನ್ನು ತಾಲ್ಲೂಕಿನ ವೈದ್ಯರು ಕಡ್ಡಾಯವಾಗಿ ಅಲ್ಲಿಗೆ ಕಳಿಸಲಿ. ತೆಗೆದ ಚೀಲ ಹತ್ತಿರದ ದಂತ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಲಿ, ಖರ್ಚು ಸರ್ಕಾರದ್ದಾಗಲಿ. ಗರ್ಭಿಣಿಯರಿಗೆ ತಾಯಿ ಕಾರ್ಡ್ ಕೊಡುವ ಇಲಾಖೆ ಈ ರೋಗಿಗಳಿಗೂ ಮರುತಪಾಸಣೆಯ ಕಾರ್ಡೊಂದನ್ನು ಕೊಡಲಿ. ಈ ಬಗ್ಗೆ ಸುತ್ತೋಲೆ ಹೊರಡಿಸಬೇಕೆಂದು ತಮ್ಮಲ್ಲಿ ಕೈಮುಗಿದು ಕೇಳುತ್ತೇನೆ.

ಇದನ್ನು ಓದುವ ಅಪ್ಪ ಅಮ್ಮಂದಿರೇ, ಮಕ್ಕಳ ದವಡೆ ಊದಿದ್ದರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಎಕ್ಸ್-ರೇ ಕೇಳಿ ತೆಗೆಸಿ. ಆಪರೇಷನ್ ಆದರೆ ಬಯಾಪ್ಸಿ ವರದಿಯನ್ನು ಕೇಳಿ ಪಡೆದುಕೊಳ್ಳಿ.

ಇಂತಿ,
ಮಲೆನಾಡಿನ ಒಬ್ಬ ತಾಯಿ